ಕಾಗದಕ್ಕೆ ಅಂಟಿಕೊಂಡವು

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಬಿಸಿನೀರಣ್ಣ ಎಂದು ಕರೆಯುತ್ತಿದ್ದರು. ಹಾಗೆಂದು ಅವನೇನೂ ಬಿಸಿನೀರಿನ ಸ್ನಾನಕ್ಕೆ ಹಟ ಹಿಡಿಯುವವನಲ್ಲ. ನಡುಗುವ ಚಳಿಯಲ್ಲೂ ತಣ್ಣೀರು ಸುರಿದುಕೊಳ್ಳುವ ಗಟ್ಟಿಗ. ಬಿಸಿನೀರನ್ನು ಕಾಯುವುದು ಅವನ ಉದ್ಯೋಗವಾಗಿತ್ತು. ಸಂಶೋಧನಾಲಯದ ಎರಡನೆಯ ಮಹಡಿಯಲ್ಲಿ, ಮೆಟ್ಟಿಲಿನ ಪಕ್ಕದ ಉದ್ದನೆಯ ಕೋಣೆಯಲ್ಲಿ, ಉಕ್ಕಿನದೊಂದು ತೊಟ್ಟಿ. ಅದರ ನೀರು ವರ್ಷದ ಎಲ್ಲ ದಿನವೂ ಅರವತ್ತು ಡಿಗ್ರಿಯಲ್ಲಿ ನಿಂತಿರಬೇಕು. ಆ ನೀರಿನಲ್ಲಿ ಕತ್ತಿನವರೆಗೆ ಮುಳುಗಿದ ಗಾಜಿನ ಕೊಳವೆಗಳು. ಒಂದೊಂದು ಕೊಳವೆಯಲ್ಲೂ ಬೆರಳುದ್ದದ ಕಾಗದದ ಪಟ್ಟಿ, ಆ ಕಾಗದವನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಿಗಳು.

"ನಾವು ಕೈ ಇಟ್ಟರೆ ಬೊಬ್ಬೆ ಏಳತ್ತೆ ಮೇಷ್ಟ್ರೇ. ಅವಕ್ಕೆ ಅದೇ ಹಾಯಿ. ನಮ್ಮ ನಿಮ್ಮ ಮೈಬಿಸಿಗೆ ತಂದ್ರೆ ಚಳಿ ಅಂತ ಮುದುಡಿ ಕೂತ್ಬಿಡ್ತವೆ," ಎನ್ನುತ್ತಿದ್ದನು, ಮನೆಯಲ್ಲಿ ಸಾಕಿದ ಬೆಕ್ಕಿನ ಮಾತಾಡುವ ಹಾಗೆ.

ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅವನು, ದೊಡ್ಡವರಿಗಾಗಿ ನಾನು ನಡೆಸುತ್ತಿದ್ದ ಸಂಜೆಯ ಪಾಠಕ್ಕೆ ಎರಡು ವರ್ಷ ಬಂದು ಹತ್ತನೆಯದನ್ನು ಮುಗಿಸಿದನು. ಅಕ್ಷರ ಕೋಳಿ ಕಾಲಿನದು, ಆದರೆ ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಟ್ಟವನಲ್ಲ. ಆಮೇಲೆ ನಮ್ಮ ಪಕ್ಕದ ಮನೆ ಖಾಲಿಯಾದಾಗ ಬಂದು ಸೇರಿದನು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಪಾತ್ರೆ ಬಿದ್ದರೆ ಇಲ್ಲಿ ಕೇಳುತ್ತಿತ್ತು.

ಅವನು ಮದುವೆಯಾದ ಕತೆಯನ್ನು ಗಂಡ ಹೆಂಡತಿ ಇಬ್ಬರೂ ಹೇಳುತ್ತಿದ್ದರು, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತ. ಊರಿನ ಅಂಚಿನಲ್ಲಿ ಗೊಬ್ಬರದ ಅಂಗಳವಿತ್ತು. ಉದ್ಯಾನಗಳ ಒಣಗಿದ ಎಲೆ, ಕುದುರೆ ಲಾಯದ ಹುಲ್ಲು, ಮರ ಕೊಯ್ಯುವ ಕಾರ್ಖಾನೆಯ ಹೊಟ್ಟು, ಹರಿದ ರಟ್ಟು ಎಲ್ಲವನ್ನೂ ಅಲ್ಲಿ ಆಳೆತ್ತರ ಒಟ್ಟಿ ಕೊಳೆಹಾಕುತ್ತಿದ್ದರು. ಕೊಳೆಯುವ ರಾಶಿ ಒಳಗೊಳಗೇ ಕಾದು ಹಬೆಯಾಡುತ್ತದೆ. ಸಂಶೋಧನಾಲಯದ ಮೇಡಂ, ರಾಶಿಯ ನಟ್ಟನಡುವಿನಿಂದ ಒಂದು ಹಿಡಿ ತರಬೇಕೆಂದು ಇವನನ್ನು ಕಳುಹಿಸಿದ್ದರು. ಇವನು ಉದ್ದ ಹಿಡಿಕೆಯ ಚಮಚವನ್ನು ಹಿಡಿದು ಹಬೆಗೆ ಹೆದರಿ ಸುತ್ತು ಹಾಕುತ್ತಿದ್ದನು. ರಾಶಿ ಮಗುಚುವ ಕೆಲಸದ ಹೆಂಗಸೊಬ್ಬಳು ಗುದ್ದಲಿಯ ಮೇಲೆ ಗಲ್ಲ ಊರಿ ನೋಡಿದಳು.

"ಏನ್ ಹುಡುಕ್ತಿದ್ದೀರಿ? ಉಂಗುರ ಬಿತ್ತಾ?"

"ಇಲ್ಲ. ಬಿಸಿ ಎಲ್ಲಿ ಜಾಸ್ತಿ ಅಂತ ನೋಡ್ತಿದ್ದೀನಿ."

"ಬಿಸಿ ಬೇಕಾ? ಅದು ಚಮಚಕ್ಕೆ ಸಿಗೋದಲ್ಲ," ಎಂದವಳೇ ತೋಳು ಮಡಿಸಿ, ಮೊಣಕೈಯವರೆಗೆ ಕೈ ತೂರಿಸಿ, ಹೊಗೆಯಾಡುವ ಒಂದು ಹಿಡಿ ಕೊಳೆತ ಹುಲ್ಲನ್ನು ಕಿತ್ತು ತೆಗೆದಳು. ಇವನು ಬಾಯಿ ಬಿಟ್ಟುಕೊಂಡು ನಿಂತಿದ್ದನು. "ಸೀಸೆ ಹಿಡೀರಿ ಸ್ವಾಮಿ! ನಿಮ್ಮ ಮುಖ ನೋಡ್ತಾ ನಾನು ಕೈ ಸುಟ್ಕೊಳ್ಳಲಾ?"

ಆ ತಿಂಗಳಲ್ಲಿ ಅವನು ಇನ್ನೂ ಮೂರು ಸಲ ಗೊಬ್ಬರ ತರಲು ಹೋದನಂತೆ. "ಇಷ್ಟೊಂದು ಯಾಕಪ್ಪಾ? ತೋಟ ಹಾಕ್ತೀಯಾ?" ಎಂದು ಮೇಡಂ ಕೇಳಿದಾಗಲೇ ಗುಟ್ಟು ಬಯಲಾದದ್ದು.

ವಿಚಿತ್ರವೆಂದರೆ, ಆಮೇಲೆ ತಂದ ಮೂರು ಸೀಸೆಗಳಿಂದಲೂ ಹೇಳಿಕೊಳ್ಳುವಂಥದೇನೂ ಹುಟ್ಟಲಿಲ್ಲ. ಮೊದಲ ದಿನ ಆಕೆ ಕಿತ್ತುಕೊಟ್ಟ ಹುಲ್ಲಿನಿಂದ ಮಾತ್ರ, ಐದೇ ದಿನದಲ್ಲಿ ಕಾಗದವನ್ನು ಚಿಂದಿ ಮಾಡಿ ಹಳದಿಗೆ ತಿರುಗಿಸುವ ಜೀವಿ ಸಿಕ್ಕಿತು. ಅದನ್ನು ವಾರಕ್ಕೊಮ್ಮೆ ಹಳೆಯ ಕೊಳವೆಯಿಂದ ಹೊಸ ಕೊಳವೆಗೆ ದಾಟಿಸಬೇಕು. ಇಲ್ಲದಿದ್ದರೆ ಕಾಗದ ಮುಗಿದು, ಉಪವಾಸ ಬಿದ್ದು, ಸೊರಗುತ್ತದೆ. ಪ್ರತಿ ಸಲವೂ ಹೊಸ ಕೊಳವೆಗೆ ಒಂದು ಅಂಕಿ. ಹೀಗೆ ಒಂದರಿಂದ ಶುರುವಾದದ್ದು, ಇಪ್ಪತ್ನಾಲ್ಕು ವರ್ಷಗಳಲ್ಲಿ ಒಂದು ವಾರವೂ ತಪ್ಪದೆ, ಸಾವಿರದ ಇನ್ನೂರು ದಾಟಿತ್ತು. ಎಲ್ಲವನ್ನೂ ದಾಟಿಸಿದ್ದು ಅವನ ಕೈ.

ಕೊಳವೆಯ ಬಾಯಿಗೆ ರಬ್ಬರಿನ ಬಿರಡೆ, ಏಕೆಂದರೆ ಗಾಳಿ ಸೋಕಿದರೆ ಅವು ಉಳಿಯುವುದಿಲ್ಲ. ದಾಟಿಸುವುದೂ ಬಿರಡೆಗೆ ಚುಚ್ಚಿದ ಸೂಜಿಯಿಂದ ಎಳೆದುಕೊಂಡೇ. ನೀರಿಗೆ ಒಂದು ಬಣ್ಣ ಬೆರೆಸಿರುತ್ತಾರೆ. ಗಾಳಿ ನುಗ್ಗಿದರೆ ಅದು ಗುಲಾಬಿಯಾಗಿ ಚಾಡಿ ಹೇಳುತ್ತದೆ. ಒಮ್ಮೆ ನಾನೂ ಹೋಗಿ ನೋಡಿದ್ದೆನು. ಕಾಗದವನ್ನು ಜೀರ್ಣಿಸುವುದು ಹೇಗೆಂದು ಕೇಳಿದ್ದಕ್ಕೆ ಅವನು ಮೇಡಂ ಹೇಳಿಕೊಟ್ಟದ್ದನ್ನು ತನ್ನ ಮಾತಿನಲ್ಲಿ ವಿವರಿಸಿದನು.

"ನಾರನ್ನ ಕತ್ತರಿಸೋ ರಸ ಇದೆಯಲ್ಲ, ಕಿಣ್ವ ಅಂತಾರೆ, ಅದು ಕತ್ತರಿ ಇದ್ದ ಹಾಗೆ ಮೇಷ್ಟ್ರೇ. ಬೇರೆ ಜೀವಿಗಳು ಕತ್ತರೀನ ನೀರಿಗೆ ಎಸೆದು, ಏನಾದ್ರೂ ಕತ್ತರಿಸಿ ಬರ್ಲಿ ಅಂತ ಕಾಯ್ತಾ ಕೂರ್ತವೆ. ನಮ್ಮವು ಹಾಗಲ್ಲ. ಕತ್ತರಿಗಳನ್ನ ಸಾಲಾಗಿ ಮೈಗೇ ಹೊಲ್ಕೊಂಡಿರ್ತವೆ. ಹೋಗಿ ನಾರನ್ನ ತಬ್ಕೊಳ್ಳೋದು, ಅಲ್ಲೇ ಕತ್ತರಿಸೋದು, ಅಲ್ಲೇ ತಿನ್ನೋದು. ಬಿಡೋ ಮಾತೇ ಇಲ್ಲ."

"ಮತ್ತೆ ಈ ನೀರಿನಲ್ಲಿ ತೇಲುತ್ತಿರುವುದು?"

"ಅವು ನೆಂಟರು. ರಾಶಿಯಿಂದ್ಲೇ ಜೊತೇಲಿ ಬಂದವು. ನಾರು ಕಡಿಯೋಕೆ ಅವಕ್ಕೆ ಬರಲ್ಲ. ಇವು ಕತ್ತರಿಸಿದಾಗ ಸಕ್ಕರೆ ಸೋರತ್ತಲ್ಲ, ಅದನ್ನ ಚಪ್ಪರಿಸ್ಕೊಂಡು ಓಡಾಡ್ತವೆ. ಅದಿಲ್ಲದಿದ್ರೂ ನೀರಿಗೆ ಹಾಕಿರೋ ಸಾರದಲ್ಲೇ ಬದುಕಿ ನೀರನ್ನ ಕದಡ್ತವೆ. ಓಡಿಸೋಕೆ ನೋಡಿದ್ವಿ, ಹೋಗ್ಲಿಲ್ಲ."

ಅವನ ಹೆಂಡತಿ ಸಂಜೆ ಜಗುಲಿಯಲ್ಲಿ ಕಾಲು ಚಾಚಿ ಕುಳಿತು, ಅವನು ಬಂದೊಡನೆ ಕೇಳುವ ಮೊದಲ ಪ್ರಶ್ನೆ ಒಂದೇ: "ನನ್ನ ಗೊಬ್ಬರ ಹೇಗಿದೆ?"

"ಕಾಗದ ತಿಂತಾ ಇದೆ."

"ನಿಮ್ಮ ಹಾಗಲ್ಲ ಬಿಡಿ. ಮಾಡಿ ಬಡಿಸೋದು ಬೇಕಿಲ್ಲ ಅದಕ್ಕೆ."

ಅವರಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

ಆಕೆಯ ಕೆಮ್ಮು ಮೊದಲು ಗೋಡೆಯ ಈಚೆಗೆ ಕೇಳಿಸಿದ್ದು ನನ್ನ ಹೆಂಡತಿಗೆ. "ಯಾಕೋ ಪಕ್ಕದವಳ ಕೆಮ್ಮು ಒಣಗಿದ ಹಾಗಿದೆ ರೀ," ಎಂದಳು. ಆಕೆ ಹತ್ತೊಂಬತ್ತು ವರ್ಷ ರಾಶಿಗಳನ್ನು ಮಗುಚಿದ್ದಳು, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ. ಕಟ್ಟಿದರೆ ಸೆಕೆಯಾಗುತ್ತದೆ ಎನ್ನುತ್ತಿದ್ದಳು. ಕೆಲಸ ಬಿಟ್ಟು ಐದು ವರ್ಷವಾಗಿದ್ದರೂ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ವೈದ್ಯರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಗಟ್ಟಿಯಾಗಿದೆಯೆಂದರು. ಕಾದ ರಾಶಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಬೀಜದಂತಹ ಪುಡಿಯನ್ನು ಬಿಡುತ್ತವಂತೆ. ಮಗುಚಿದಾಗ ಅದು ದೂಳಿನೊಡನೆ ಎದ್ದು, ವರ್ಷಗಟ್ಟಲೆ ಎದೆಗೆ ಇಳಿದಿದೆ.

ಬಿಸಿನೀರಣ್ಣ ಮಾರನೆಯ ದಿನ ಮೇಡಂ ಎದುರು ಹೋಗಿ ನಿಂತನು. "ನಮ್ಮವೇನಾ ಮೇಡಂ?" ಎಂದು ಕೇಳಿದನಂತೆ.

"ಅಲ್ಲಪ್ಪಾ. ನಮ್ಮವು ಗಾಳಿಗೆ ಬಂದ್ರೆ ಬದುಕಲ್ಲ, ನಿನಗೇ ಗೊತ್ತಲ್ಲ. ಅವು ಬೇರೆ ಜಾತಿ. ಬಿಸಿ ಇಷ್ಟ ಅನ್ನೋದು ಬಿಟ್ರೆ ಇವಕ್ಕೂ ಅವಕ್ಕೂ ಸಂಬಂಧ ಇಲ್ಲ."

ಇದನ್ನು ನನಗೆ ಹೇಳಿ, "ಒಂದೇ ರಾಶಿಯವು ತಾನೇ, ಮೇಷ್ಟ್ರೇ," ಎಂದನು.

ಆಕೆಗೆ ಎದ್ದು ಓಡಾಡಲು ಆಗದಂತಾದಾಗ ಅವನು ರಜೆ ಹಾಕಿದನು. ಇಪ್ಪತ್ನಾಲ್ಕು ವರ್ಷಗಳಲ್ಲಿ ಮೊದಲ ದೀರ್ಘ ರಜೆ. ಮೇಡಂ ಆಗ ಬೇರೆ ಊರಿನಲ್ಲಿ ಮೂರು ತಿಂಗಳ ಪಾಠಕ್ಕೆ ಹೋಗಿದ್ದರು. ತೊಟ್ಟಿಯ ಹೊಣೆ ಕೆಳಮಹಡಿಯ ಉಗ್ರಾಣದವನ ಮೇಲೆ ಬಿತ್ತು. ಇವನ ಓರಗೆಯವನು, ಒಳ್ಳೆಯ ಮನುಷ್ಯ. ಅವನ ಉಗ್ರಾಣದಲ್ಲಿ ಸೀಸೆಗಳು ಸಹ ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತಿದ್ದವು.

ಅವನಿಗಾಗಿ ಬಿಸಿನೀರಣ್ಣ ಕೆಲಸದ ಕ್ರಮವನ್ನು ಬರೆದು ನನ್ನ ಬಳಿಗೆ ತಂದನು. ಆರು ಹಾಳೆ, ಎರಡೂ ಮಗ್ಗುಲು. "ಸ್ವಲ್ಪ ಸರಿಮಾಡಿ ಕೊಡಿ ಮೇಷ್ಟ್ರೇ. ಬೀರುವಿನ ಬಾಗಿಲಿಗೆ ಅಂಟಿಸಬೇಕು, ಒಂದೇ ಪುಟಕ್ಕೆ ಬರಬೇಕು. ಅವನಿಗೆ ಪುಟ ತಿರುವಿಸಿದ್ರೆ ಕೋಪ ಬರತ್ತೆ."

ಅವನು ಮಾತಾಡಿದ ಹಾಗೆಯೇ ಬರೆದಿದ್ದನು; ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದ್ದನು. ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತೆನು. ಮೂವತ್ತನಾಲ್ಕು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ. ಎರಡು ಗಂಟೆಯಲ್ಲಿ ಹದಿನಾರು ಅಂಶಗಳ ಅಚ್ಚುಕಟ್ಟಾದ ಒಂದು ಪುಟ ಸಿದ್ಧವಾಯಿತು. ಅವನು ಅದನ್ನು ನಿಂತುಕೊಂಡೇ ಓದಿದನು. ಗೋಡೆಯ ಆಚೆ ಆಕೆ ಕೆಮ್ಮುತ್ತಿದ್ದಳು. ಅವನ ಕಣ್ಣು ಸಾಲಿನ ಮೇಲಿತ್ತು, ಕಿವಿ ಅಲ್ಲಿತ್ತು.

"ಎಷ್ಟು ಚೆಂದ ಆಯ್ತು! ನಾನು ಬರೆದದ್ದು ಅಂದ್ರೆ ಯಾರೂ ನಂಬಲ್ಲ," ಎಂದು ಮಡಿಸಿ ಜೇಬಿಗಿಟ್ಟುಕೊಂಡನು.

ಅಲ್ಲಿಂದ ಹನ್ನೊಂದು ವಾರ ಅವನು ಮನೆ ಬಿಟ್ಟು ಕದಲಲಿಲ್ಲ. ಆಕೆಗೆ ತಲೆ ಬಾಚುವುದು, ಬೆನ್ನಿಗೆ ದಿಂಬು ಒರಗಿಸುವುದು, ಉಸಿರಿನ ಸಿಲಿಂಡರಿನ ಮುಳ್ಳನ್ನು ನೋಡುವುದು, ಎಲ್ಲವನ್ನೂ ತೊಟ್ಟಿಯ ಕೆಲಸದಷ್ಟೇ ಶ್ರದ್ಧೆಯಿಂದ ಮಾಡಿದನು. ಶನಿವಾರ ಶನಿವಾರ ಉಗ್ರಾಣದವನು ಬಂದು ಬಾಗಿಲಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದನು.

"ಅರವತ್ತು ಡಿಗ್ರಿ ಅಂದ್ರೆ ಅರವತ್ತು. ಕೂದಲೆಳೆ ಆಚೆ ಈಚೆ ಇಲ್ಲ. ಗುಲಾಬಿ ಬಂದಿಲ್ಲ. ಹಳೇ ಕೊಳವೆ ಎಲ್ಲ ಕುದಿಸಿ ತೊಳೆದು ಕವುಚಿಟ್ಟಿದ್ದೀನಿ, ಕನ್ನಡಿ ಆಗಿವೆ."

"ನೀರು ಕದಡಿದೆಯಾ?"

"ಕದಡಿದೆ, ಕದಡಿದೆ. ನೀನು ತಂಗೀನ ನೋಡ್ಕೋ ಮಾರಾಯ."

ಆಕೆ ಮಂಚದಿಂದಲೇ ಕೈ ಎತ್ತುತ್ತಿದ್ದಳು. "ಅಣ್ಣಾ, ನನ್ನ ಗೊಬ್ಬರ ಹುಷಾರು. ಇವರಿಗೆ ವರದಕ್ಷಿಣೆ ಅಂತ ಕೊಟ್ಟದ್ದು ಅದೊಂದೇ." ಅಷ್ಟು ಮಾತಿಗೆ ಮೂರು ಸಲ ಉಸಿರೆಳೆದುಕೊಳ್ಳಬೇಕಾಗಿತ್ತು.

ಕೊನೆಯ ವಾರ ಅವನನ್ನು ಹತ್ತಿರ ಕರೆದು ಆಕೆ ಹೇಳಿದ್ದನ್ನು ನನ್ನ ಹೆಂಡತಿ ಕೇಳಿಸಿಕೊಂಡಿದ್ದಾಳೆ. "ನಾನು ಹೋದ್ಮೇಲೆ ಮನೇಲಿ ಸುಮ್ನೆ ಕೂತ್ಕೋಬೇಡಿ. ಕೆಲಸಕ್ಕೆ ಹೋಗಿ. ನಾನು ಕಿತ್ತುಕೊಟ್ಟದ್ದು ಅಲ್ಲಿರತ್ತಲ್ಲ." ಬುಧವಾರ ಮಧ್ಯಾಹ್ನ, ಅವನು ನೀರು ಕುಡಿಸಲು ಲೋಟ ಎತ್ತಿದಾಗ, ಆಕೆ ಇರಲಿಲ್ಲ.

ಎರಡು ವಾರ ಕಳೆದ ಮೇಲೆ ಸೋಮವಾರ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದನು. "ಮೇಷ್ಟ್ರೇ, ಜೊತೆಗೆ ಬರ್ತೀರಾ? ಒಬ್ಬನೇ ಮೆಟ್ಟಿಲು ಹತ್ತೋಕೆ ಯಾಕೋ…" ಎಂದನು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆನು.

ಕೋಣೆ ಫಳಫಳ ಹೊಳೆಯುತ್ತಿತ್ತು. ಬೀರುವಿನ ಬಾಗಿಲಲ್ಲಿ, ನಾಲ್ಕು ಮೂಲೆಗೂ ಟೇಪು ಹಚ್ಚಿ, ನನ್ನ ಪುಟ. ಉಗ್ರಾಣದವನು ನಮ್ಮನ್ನು ಕಂಡು ಎದ್ದು ನಿಂತನು. ಸಮಾಧಾನದ ಮಾತು ಆಡಲು ಬರದೆ, ತೊಟ್ಟಿಯಿಂದ ಕೊಳವೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದನು. ಅದರ ಮೇಲೆ ೧೨೫೪ ಎಂದು ಬರೆದಿತ್ತು.

"ನೋಡು, ಹೇಗಿಟ್ಟಿದ್ದೀನಿ. ನಿನ್ನ ಕೈಲಿದ್ದಾಗ ಕಾಗದ ಎಲ್ಲ ಹರಿದು ಚಿಂದಿ ಆಗಿ ಹಳದಿ ತಿರುಗ್ತಿತ್ತು. ನಾನು ಒಂದು ಎಳೆ ಕೂಡ ಹಾಳಾಗೋಕೆ ಬಿಟ್ಟಿಲ್ಲ. ಇಟ್ಟ ಹಾಗೇ ಇದೆ!"

ಕಾಗದದ ಪಟ್ಟಿ ಕೊಳವೆಯಲ್ಲಿ ಬೆಳ್ಳಗೆ, ನೆಟ್ಟಗೆ ನಿಂತಿತ್ತು.

ಬಿಸಿನೀರಣ್ಣ ಕೊಳವೆಯನ್ನು ತೆಗೆದುಕೊಂಡನು. ಅಲ್ಲಾಡಿಸಿದನು. ಕಾಗದ ಅಲುಗಿತು, ಒಂದು ಚೂರೂ ಕಳಚಲಿಲ್ಲ. ಅವನ ಮುಖದಲ್ಲಿ ಕೋಪವಿರಲಿಲ್ಲ. ಬಹಳ ಮೆತ್ತಗೆ ಕೇಳಿದನು:

"ದಾಟಿಸುವಾಗ ಸೂಜೀಲಿ ಏನನ್ನ ಎಳ್ಕೋತಿದ್ದೆ?"

"ಮೇಲಿನ ನೀರನ್ನ. ಕೆಳಗಿನ ಗಸಿ ಸೂಜಿಗೆ ಸಿಕ್ಕಿಕೊಳ್ತಿತ್ತು. ಅದಕ್ಕೆ ಕೊಳವೇನ ಅಲ್ಲಾಡಿಸದೆ, ಮೇಲಿನ ತಿಳಿ ಮಾತ್ರ. ಯಾಕೆ? ಪುಟದಲ್ಲಿ ಬೇಡ ಅಂತ ಇರಲಿಲ್ಲವಲ್ಲ?"

"ಇರಲಿಲ್ಲ," ಎಂದನು ಬಿಸಿನೀರಣ್ಣ. ಕೊಳವೆಯನ್ನು ಮತ್ತೆ ನೀರಿಗೆ ಇಳಿಸಿ, ಕುರ್ಚಿ ಎಳೆದುಕೊಂಡು ಕುಳಿತನು.

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ನಾರನ್ನು ತಬ್ಬಿಕೊಂಡವು ನಾರಿನ ಮೇಲೆಯೇ ಇರುತ್ತವೆ. ಮೇಲಿನ ನೀರಿನಲ್ಲಿ ಇರುವವರು ನೆಂಟರು. ಆ ಒಳ್ಳೆಯ ಮನುಷ್ಯ ಅಷ್ಟೂ ವಾರ ನೆಂಟರನ್ನು ಮಾತ್ರ ದಾಟಿಸಿ, ಮನೆಯವರನ್ನು ಹಳೆಯ ಕೊಳವೆಗಳಲ್ಲಿ ಬಿಟ್ಟು, ಆ ಕೊಳವೆಗಳನ್ನು ಕುದಿಸಿ ತೊಳೆದಿದ್ದನು.

ಮನೆಗೆ ಬಂದು ನಾನು ಅವನ ಆರು ಹಾಳೆಗಳನ್ನು ಹುಡುಕಿ ತೆಗೆದೆನು. ತಿದ್ದಿದ ಕಾಗದಗಳನ್ನು ಎಸೆಯುವ ಅಭ್ಯಾಸ ನನಗಿಲ್ಲ. ಅದು ಅಲ್ಲಿತ್ತು. "ಚೆನ್ನಾಗಿ ಅಲ್ಲಾಡಿಸು. ದಪ್ಪ ಸೂಜಿ ಹಾಕು. ಕಾಗದದ ಚೂರು ಬರಲೇಬೇಕು, ಬರೀ ನೀರು ಬಂದರೆ ಚೆಲ್ಲಿ ಮತ್ತೆ ಎಳಿ." ಆರು ಹಾಳೆಗಳಲ್ಲಿ ಇದನ್ನು ನಾಲ್ಕು ಕಡೆ ಬರೆದಿದ್ದನು. ಮೂರು ಕಡೆ ನಾನು 'ಹೇಳಿದ್ದೇ ಹೇಳಿದೆ' ಎಂದು ಕೆಂಪು ಗೀಟು ಎಳೆದಿದ್ದೆನು. ನಾಲ್ಕನೆಯದು ಕೊನೆಯ ಹಾಳೆಯಲ್ಲಿತ್ತು. ಆ ಭಾಗ ಒಂದು ಪುಟಕ್ಕೆ ಹಿಡಿಸದೆ ಪೂರ್ತಿಯಾಗಿ ಬಿಟ್ಟಿದ್ದೆನು. ಹಳೆಯ ಕೊಳವೆಗಳನ್ನು ಮೂರು ವಾರ ಇಟ್ಟುಕೊಂಡಿರು ಎಂಬುದೂ ಅದರಲ್ಲೇ ಇತ್ತು.

ಸಂಜೆ ಹಾಳೆಗಳನ್ನು ಹಿಡಿದು ಅವನ ಬಾಗಿಲಿಗೆ ಹೋದೆನು. ಅವನು ಜಗುಲಿಯಲ್ಲಿ, ಆಕೆ ಕೂರುತ್ತಿದ್ದ ಜಾಗವನ್ನು ಬಿಟ್ಟು, ಪಕ್ಕದಲ್ಲಿ ಕುಳಿತಿದ್ದನು.

"ತಪ್ಪು ನನ್ನದಪ್ಪಾ. ನೀನು ಬರೆದಿದ್ದೆ, ನಾನು ಹೊಡೆದುಹಾಕಿದೆ."

ಅವನು ಕೆಂಪು ಗೀಟುಗಳನ್ನು ನೋಡಿದನು. "ಗೊತ್ತು ಮೇಷ್ಟ್ರೇ. ಅವತ್ತು ನಾನೂ ಓದಿದ್ನಲ್ಲ. ಓದಿ ಚೆಂದ ಇದೆ ಅಂದೆ." ಹಾಳೆಗಳನ್ನು ಮಡಿಸಿ ಪಕ್ಕಕ್ಕಿಟ್ಟನು. "ಉಗ್ರಾಣದವನಿಗೆ ಹೇಳ್ಬೇಡಿ. ಪಾಪ, ಎಷ್ಟು ಚೊಕ್ಕವಾಗಿ ಮಾಡಿದಾನೆ." ಆಮೇಲೆ, ಪಕ್ಕದ ಖಾಲಿ ಜಾಗದತ್ತ ತಿರುಗಿ: "ಕೊನೇ ಶನಿವಾರನೂ ಕೇಳಿದ್ಲು, ಹೇಗಿದೆ ಅಂತ. ಕಾಗದ ತಿಂತಾ ಇದೆ ಅಂದೆ. ಆವಾಗ್ಲೇ ಇರಲಿಲ್ಲ ಅಲ್ವಾ?"

ನಾನು ಮೆಟ್ಟಿಲ ಮೇಲೆ ಕುಳಿತೆನು.

ಮೇಡಂ ಊರಿನಿಂದ ಬಂದ ಮೇಲೆ ಇಬ್ಬರೂ ಸೇರಿ ಒಂದು ತಿಂಗಳು ಹೆಣಗಿದರು. ಹಿಮದ ಪೆಟ್ಟಿಗೆಯಲ್ಲಿ ಕಾಪಿಟ್ಟಿದ್ದ ನಾಲ್ಕು ಸೀಸೆಗಳಿದ್ದವು. ಎರಡು ಬೇಸಗೆಯ ಹಿಂದೆ ಪೆಟ್ಟಿಗೆ ಕೆಟ್ಟು ಅವು ಕರಗಿ, ಮತ್ತೆ ಹೆಪ್ಪುಗಟ್ಟಿದ್ದವು. ಒಂದೊಂದನ್ನೇ ಬಿಸಿಗೆ ತಂದು, ಕಾಗದ ಕೊಟ್ಟು, ಕಾದರು. ನಾಲ್ಕನೆಯದು ಸುಮ್ಮನಾದ ದಿನ ಮೇಡಂ ಅವನ ಹೆಗಲ ಮೇಲೆ ಕೈಯಿಟ್ಟು, "ರಾಶಿ ಇನ್ನೂ ಇದೆಯಲ್ಲಪ್ಪಾ. ಮತ್ತೆ ತರೋಣ," ಎಂದರಂತೆ.

ಆ ದಿನವೂ ನನ್ನನ್ನು ಕರೆದನು. ಗೊಬ್ಬರದ ಅಂಗಳದಲ್ಲಿ ಈಗ ಯಂತ್ರ ಬಂದಿದೆ, ಆದರೆ ಅಂಚಿನ ರಾಶಿಗಳನ್ನು ಇನ್ನೂ ಕೈಯಲ್ಲೇ ಮಗುಚುತ್ತಾರೆ. ಮೂವರು ಹೆಂಗಸರು ಮುಖಕ್ಕೆ ದಪ್ಪ ಬಟ್ಟೆ ಕಟ್ಟಿಕೊಂಡು ಗುದ್ದಲಿ ಹಾಕುತ್ತಿದ್ದರು. ಅವನು ನನಗೂ ಒಂದು ಬಟ್ಟೆಯನ್ನು ಕೊಟ್ಟು, ಮೂಗಿಗೆ ಸರಿಯಾಗಿ ಕಟ್ಟಿದ್ದೇನೆಯೇ ಎಂದು ಎರಡು ಸಲ ನೋಡಿದನು. ಚಮಚ ಕೈಯಲ್ಲಿತ್ತು. ಅದನ್ನು ನೆಲಕ್ಕಿಟ್ಟು, ತೋಳು ಮಡಿಸಿ, ರಾಶಿಯೊಳಗೆ ಕೈ ತೂರಿಸಿದನು. ಮೊಣಕೈಗೆ ಮುಟ್ಟುವ ಮೊದಲೇ ಹಾ ಎಂದು ಹಿಂದಕ್ಕೆಳೆದನು.

"ಇಷ್ಟು ಸುಡ್ತಿತ್ತಾ ಮೇಷ್ಟ್ರೇ?" ಎಂದು ಕೆಂಪಾದ ಕೈಯನ್ನೇ ನೋಡಿಕೊಂಡನು. "ಅವಳು ನಗ್ತಿದ್ಲು."

ಎರಡನೆಯ ಸಲ ಕಣ್ಣು ಮುಚ್ಚಿ ಒಂದು ಹಿಡಿ ಕಿತ್ತನು. ನಾನು ಸೀಸೆಯನ್ನು ಹಿಡಿದೆನು.

ಆ ಹಿಡಿಯಿಂದಲೂ ಒಂದು ಜೀವಿ ಸಿಕ್ಕಿತು. ಒಂಬತ್ತು ದಿನಕ್ಕೆ ಕಾಗದದ ಅಂಚು ಎಳೆಯೆಳೆಯಾಗಿ ಬಿಚ್ಚಿಕೊಂಡಿತು, ಹಳದಿ ಮಾತ್ರ ಬರಲಿಲ್ಲ. ಮೇಡಂ ಬಹಳ ಸಂತೋಷಪಟ್ಟರು. "ಸಿಕ್ಕಿತಲ್ಲಪ್ಪಾ!" ಎಂದರು.

"ಸಿಕ್ಕಿತು ಮೇಡಂ. ಇದು ಬೇರೆ," ಎಂದನು ಅವನು. ಆದರೂ ದಪ್ಪ ಸೂಜಿ ತೆಗೆದು, ಕೊಳವೆಯನ್ನು ಚೆನ್ನಾಗಿ ಅಲ್ಲಾಡಿಸಿ, ಚೂರಿನ ಸಮೇತ ಎಳೆದು ಹೊಸ ಕೊಳವೆಗೆ ದಾಟಿಸಿದನು. ಉಗ್ರಾಣದವನು ಪಕ್ಕದಲ್ಲಿ ನಿಂತು ನೋಡಿ ಕಲಿಯುತ್ತಿದ್ದನು. ನನ್ನ ಪುಟ ಬೀರುವಿನ ಬಾಗಿಲಲ್ಲಿ ಇರಲಿಲ್ಲ.

ಕೊಳವೆಗೆ ಬಿಳಿಯ ಪಟ್ಟಿ ಹಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಅವನು ಹಾಗೆಯೇ ನಿಂತನು. ಕೈ ಪಟ್ಟಿಯ ಹತ್ತಿರ ಹೋಗಿ ಹೋಗಿ ನಿಲ್ಲುತ್ತಿತ್ತು.

"ಮೇಷ್ಟ್ರೇ, ಒಂದು ಅಂತ ನೀವೇ ಬರೆದುಕೊಡಿ," ಎಂದನು. "ನನ್ನ ಕೈಲಿ ಆಗ್ತಿಲ್ಲ."

ನಾನು ಪೆನ್ನು ತೆಗೆದುಕೊಂಡು ೧ ಎಂದು ಬರೆದೆನು. ಅದು ಎಂದಿನಂತೆ ದುಂಡಗೆ, ಅಚ್ಚುಕಟ್ಟಾಗಿ ಬಂದಿತು. ಅವನು ಕೊಳವೆಯನ್ನು ಬಿಸಿನೀರಿಗೆ ಇಳಿಸಿದನು.